ಊರು ಕಟ್ಟಿ ನೋಡು

'ಇದೇನು ಮಕ್ಕಳಾಟವಲ್ಲ' ಎಂಬುದು ಕಷ್ಟಸಾಧ್ಯವಾದ ಕೆಲಸವನ್ನು ಕುರಿತು ನಮ್ಮ ಹಿರಿಯರು ಆಡುತ್ತಿದ್ದ ಮಾತು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯೂ ಹೆಚ್ಚುಕಡಿಮೆ ಅದೇ ಅರ್ಥದ್ದು. ಒಂದು ಮನೆಯನ್ನು ಕಟ್ಟುವುದೇ ಇಷ್ಟು ಪ್ರಯಾಸದ ಕೆಲಸವಾದರೆ ಒಂದು ಊರನ್ನೇ ಕಟ್ಟುವುದು ಇನ್ನೆಷ್ಟು ಪ್ರಯಾಸದ್ದಿರಬೇಕು! ಆದರೆ ಇಂದು ಹನ್ನೆರಡು ಹದಿಮೂರು ವರ್ಷದ ಹುಡುಗರು ರಜೆಯ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತು ಊರೊಂದನ್ನು ಕಟ್ಟಿ, ಸಂಜೆಯ ಹೊತ್ತಿಗೆ ಅದಕ್ಕೆ ಮೆಟ್ರೋ ರೈಲನ್ನೂ ಓಡಿಸಿ, ರಾತ್ರಿ ಊಟಕ್ಕೆ ಕರೆದರೆ 'ಇನ್ನೊಂದೈದು ನಿಮಿಷ, ಊರಲ್ಲಿ ಕರೆಂಟ್ ಹೋಗಿದೆ' ಎನ್ನುತ್ತಾರೆ. ಊರು ಕಟ್ಟುವುದು ಅಕ್ಷರಶಃ ಮಕ್ಕಳಾಟವೇ ಆಗಿಹೋಗಿದೆ.

ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, 'ಟೀಚರ್, ಮಗ ಮೂರು ಹೊತ್ತೂ ಊರು ಕಟ್ಟುತ್ತ ಕೂರುತ್ತಾನೆ. ಬಿಡಿಸಬೇಕೋ, ಹಾಗೇ ಬಿಡಬೇಕೋ ತಿಳಿಯುತ್ತಿಲ್ಲ, ನೀವೇ ಹೇಳಿ' ಎಂದಳು. ನಮ್ಮ ಬಂಧುವರ್ಗದಲ್ಲಿಯೂ ಇಬ್ಬರು ಮೂವರು ಇದೇ ಪ್ರಶ್ನೆಯನ್ನು ಕೇಳಿದ್ದಾರೆ. ನನ್ನ ಮೊಮ್ಮಗನೂ ಈ ಆಟದ ಪರಮ ಭಕ್ತ. ಅವನ ಪಕ್ಕದಲ್ಲಿ ಎಷ್ಟೋ ಸಂಜೆ ಕುಳಿತು ನೋಡಿದ್ದೇನೆ, ಪ್ರಶ್ನೆ ಕೇಳಿ ಅವನ ತಲೆ ತಿಂದಿದ್ದೇನೆ, ಆಟದ ಚರಿತ್ರೆಯನ್ನೂ ಓದಿಕೊಂಡಿದ್ದೇನೆ. ಮೂರು ದಶಕಗಳಿಗೂ ಮೀರಿ ಸಮಾಜ ವಿಜ್ಞಾನವನ್ನು ಬೋಧಿಸಿದವಳಿಗೆ ಊರು ಕಟ್ಟುವ ಆಟದಲ್ಲಿ ಕುತೂಹಲ ಹುಟ್ಟದೆ ಇದ್ದೀತೆ? ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಇಲ್ಲಿಯೇ ಬರೆದುಬಿಡುವುದು ಮೇಲು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಟವನ್ನು ಬಿಡಿಸಬೇಡಿ, ಆದರೆ ಮಗುವನ್ನು ಆಟದೊಡನೆ ಒಂಟಿಯಾಗಿಯೂ ಬಿಡಬೇಡಿ. ನಮ್ಮ ಪಠ್ಯಪುಸ್ತಕಗಳು ಕಲಿಸಲಾರದ ಒಂದು ಸಂಗತಿಯನ್ನು ಈ ಆಟ ಬಹಳ ಚೆನ್ನಾಗಿ ಕಲಿಸುತ್ತದೆ. ನಾಗರಿಕನಾದವನು ಮೊದಲು ಕಲಿಯಬೇಕಾದ ಇನ್ನೊಂದು ಸಂಗತಿಯನ್ನು ಮಾತ್ರ ಪೂರ್ತಿಯಾಗಿ ಮುಚ್ಚಿಡುತ್ತದೆ. ಆ ಎರಡನೆಯದನ್ನು ಹೇಳಿಕೊಡಬೇಕಾದವರು ನಾವು.

ಈ ಬಗೆಯ ಆಟಗಳ ಮೂಲಪುರುಷ ಅಮೆರಿಕದ ವಿಲ್ ರೈಟ್. 1984ರಲ್ಲಿ ಅವರು 'ರೇಡ್ ಆನ್ ಬಂಗೆಲಿಂಗ್ ಬೇ' ಎಂಬ ಆಟವನ್ನು ರೂಪಿಸಿದರು. ಹೆಲಿಕಾಪ್ಟರಿನಲ್ಲಿ ಹಾರಿ ದ್ವೀಪಗಳ ಮೇಲೆ ಬಾಂಬು ಹಾಕುವುದೇ ಆ ಆಟದ ಉದ್ದೇಶ. ಬಾಂಬು ಹಾಕಬೇಕಾದರೆ ಮೊದಲು ದ್ವೀಪಗಳಿರಬೇಕಲ್ಲ! ಅವುಗಳ ಮೇಲೆ ರಸ್ತೆಗಳನ್ನೂ ಕಾರ್ಖಾನೆಗಳನ್ನೂ ಜೋಡಿಸಲು ರೈಟ್ ತಮಗಾಗಿ ಒಂದು ಉಪಕರಣವನ್ನು ಮಾಡಿಕೊಂಡರು. ಕ್ರಮೇಣ, ಕೆಡವುವುದಕ್ಕಿಂತ ಕಟ್ಟುವುದರಲ್ಲಿಯೇ ಹೆಚ್ಚು ಸುಖವಿದೆ ಎಂಬುದು ಅವರ ಅನುಭವಕ್ಕೆ ಬಂತು. ಅದರಿಂದ ಹುಟ್ಟಿದ್ದೇ 1989ರಲ್ಲಿ ಮ್ಯಾಕ್ಸಿಸ್ ಸಂಸ್ಥೆ ಹೊರತಂದ 'ಸಿಮ್‌ಸಿಟಿ'. ಇದರಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಗೆಲುವಿಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕರು ಮೊದಮೊದಲು ಹಿಂಜರಿದರು. ಜನ ಮಾತ್ರ ಮುಗಿಬಿದ್ದು ಕೊಂಡರು. ಕೆಡವುವ ಆಟದ ಹೊಟ್ಟೆಯಿಂದ ಕಟ್ಟುವ ಆಟ ಹುಟ್ಟಿತೆಂಬ ಈ ವೃತ್ತಾಂತ ನನಗೆ ಬಹಳ ಪ್ರಿಯವಾದದ್ದು.

ಸಿಮ್‌ಸಿಟಿಯ ವಂಶ ಬಹುಕಾಲ ರಾಜ್ಯವಾಳಿತು. 2013ರ ಮಾರ್ಚ್ ತಿಂಗಳಲ್ಲಿ ಅದೇ ಹೆಸರಿನ ಹೊಸ ಆವೃತ್ತಿ ಬಂದಾಗ, ಸದಾ ಅಂತರ್ಜಾಲ ಸಂಪರ್ಕದಲ್ಲಿದ್ದರೆ ಮಾತ್ರ ಆಡಬಹುದೆಂಬ ನಿಬಂಧನೆಯಿತ್ತು. ಆಟಗಾರರ ನೂಕುನುಗ್ಗಲನ್ನು ತಾಳಲಾರದೆ ಅದರ ಸರ್ವರುಗಳು ಕುಸಿದವು. ಹಣ ಕೊಟ್ಟವರು ಊರಿನ ಹೊಸ್ತಿಲಲ್ಲೇ ನಿಲ್ಲಬೇಕಾಯಿತು. ಸಂಪರ್ಕವಿಲ್ಲದೆ ಆಡುವ ಸೌಲಭ್ಯ ಬಂದದ್ದು ಒಂದು ವರ್ಷದ ನಂತರ. ಈ ಹೊತ್ತಿಗೆ ಫಿನ್‌ಲೆಂಡ್ ದೇಶದ ಟ್ಯಾಂಪೆರೆ ಎಂಬ ನಗರದಲ್ಲಿ, ಹದಿಮೂರು ಮಂದಿಯಷ್ಟಿದ್ದ ಕೊಲಾಸಲ್ ಆರ್ಡರ್ ಎಂಬ ಪುಟ್ಟ ಸಂಸ್ಥೆ ತನ್ನದೇ ಊರು ಕಟ್ಟುವ ಆಟವನ್ನು ಸಿದ್ಧಪಡಿಸುತ್ತಿತ್ತು. ಅದೇ 2015ರ ಮಾರ್ಚ್ 10ರಂದು ಹೊರಬಂದ 'ಸಿಟೀಸ್: ಸ್ಕೈಲೈನ್ಸ್'. ಒಂದು ತಿಂಗಳೊಳಗೆ ಹತ್ತು ಲಕ್ಷ ಪ್ರತಿಗಳು ಮಾರಾಟವಾದವು. ನಮ್ಮ ಮಕ್ಕಳು ಆಡುತ್ತಿರುವುದು ಬಹುಮಟ್ಟಿಗೆ ಇದನ್ನೇ, ಇಲ್ಲವೇ 2023ರ ಅಕ್ಟೋಬರ್ 24ರಂದು ಬಂದ ಇದರ ಎರಡನೆಯ ಭಾಗವನ್ನು.

ಆಟವನ್ನು ನೋಡದವರಿಗಾಗಿ ಎರಡು ಮಾತು. ಆರಂಭದಲ್ಲಿ ಇರುವುದು ಬರಿಯ ಬಯಲು, ಒಂದು ನದಿ, ಒಂದು ಹೆದ್ದಾರಿ, ಒಂದಿಷ್ಟು ಹಣ. ಆಟಗಾರನು ರಸ್ತೆ ಎಳೆದು, ಇಲ್ಲಿ ವಾಸದ ಮನೆಗಳು, ಇಲ್ಲಿ ಅಂಗಡಿಗಳು, ಇಲ್ಲಿ ಕೈಗಾರಿಕೆಗಳು ಎಂದು ನೆಲಕ್ಕೆ ಬಣ್ಣ ಬಳಿಯುತ್ತಾನೆ. ಜನರು ತಾವಾಗಿ ಬಂದು ನೆಲೆಸುತ್ತಾರೆ. ಆಮೇಲೆ ಅವರಿಗೆ ನೀರು, ವಿದ್ಯುತ್ತು, ಶಾಲೆ, ಆಸ್ಪತ್ರೆ, ಅಗ್ನಿಶಾಮಕ ಠಾಣೆ, ಕಸ ವಿಲೇವಾರಿ, ಕೊನೆಗೆ ಸ್ಮಶಾನದವರೆಗೆ ಎಲ್ಲವನ್ನೂ ಒದಗಿಸಬೇಕು. ಇದಕ್ಕೆ ತೆರಿಗೆ ಎತ್ತಬೇಕು. ಒಂದನ್ನು ಮರೆತರೂ ಊರು ಕುಂಟತೊಡಗುತ್ತದೆ. ನಮ್ಮಲ್ಲಿಯಂತೆ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುವಂತೆ ಮಾಡುವ ಸೌಲಭ್ಯವೂ ಉಂಟು.

ಇನ್ನು ಇದು ಏನನ್ನು ಕಲಿಸುತ್ತದೆ ಎಂಬುದನ್ನು ನೋಡೋಣ. ನನ್ನ ಮೊಮ್ಮಗ ಮೊದಲ ಊರಿನಲ್ಲಿ ನದಿಯ ದಡದಲ್ಲಿ ನೀರೆತ್ತುವ ಪಂಪನ್ನು ಇಟ್ಟು, ಚರಂಡಿಯ ನೀರನ್ನು ಅದರ ಮೇಲ್ಗಡೆಯಲ್ಲಿ ನದಿಗೆ ಬಿಟ್ಟಿದ್ದ. ನೋಡುನೋಡುತ್ತಿದ್ದಂತೆ ಊರಿಗೆ ಊರೇ ಕಾಯಿಲೆ ಬಿದ್ದಿತು. ಆಸ್ಪತ್ರೆಗಳನ್ನು ಒಂದರ ಮೇಲೊಂದು ಕಟ್ಟಿಸಿದ, ಕಾಯಿಲೆ ನಿಲ್ಲಲಿಲ್ಲ. ಕೊನೆಗೆ ಹರಿವಿನ ದಿಕ್ಕನ್ನು ನೋಡಿ, ಚರಂಡಿಯ ಬಾಯಿಯನ್ನು ಪಂಪಿನ ಕೆಳಗಡೆಗೆ ಸರಿಸಿದಾಗ ಜನ ಚೇತರಿಸಿಕೊಂಡರು. 'ಜಲಮಾಲಿನ್ಯದ ಪರಿಣಾಮಗಳನ್ನು ವಿವರಿಸಿ' ಎಂಬ ನಾಲ್ಕು ಅಂಕದ ಪ್ರಶ್ನೆಗೆ ನನ್ನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಉತ್ತರ ಬರೆದದ್ದನ್ನು ಸಾವಿರಾರು ಬಾರಿ ತಿದ್ದಿದ್ದೇನೆ. ಆಸ್ಪತ್ರೆಯ ಸಮಸ್ಯೆಗೆ ಪರಿಹಾರ ಚರಂಡಿಯಲ್ಲಿದೆ ಎಂಬ ಅರಿವು ಆ ಉತ್ತರಗಳಲ್ಲಿ ಇರುತ್ತಿದ್ದುದು ಅಪರೂಪ.

ಇನ್ನೊಂದು ನಿದರ್ಶನ. ಒಂದೇ ಸಲಕ್ಕೆ ದೊಡ್ಡ ಬಡಾವಣೆಯನ್ನು ತೆರೆದರೆ ಅಲ್ಲಿಗೆ ಒಟ್ಟಿಗೆ ಬಂದು ನೆಲೆಸುವವರೆಲ್ಲರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅವರೆಲ್ಲರೂ ಒಟ್ಟಿಗೆ ಮುದುಕರಾಗುತ್ತಾರೆ, ಒಟ್ಟಿಗೆ ತೀರಿಕೊಳ್ಳುತ್ತಾರೆ. ಆಗ ಶವವಾಹನಗಳು ಸಾಲದೆ ಊರು ಸ್ತಬ್ಧವಾಗುತ್ತದೆ. ಆಟಗಾರರು ಇದನ್ನು 'ಸಾವಿನ ಅಲೆ' ಎಂದೇ ಕರೆಯುತ್ತಾರೆ. ಕೇಳಿ ನಕ್ಕರೂ, ಯಾವುದೋ ಒಂದು ಕಾಲದಲ್ಲಿ ನಿವೇಶನ ಹಂಚಿಕೆಯಾಗಿ ಈಗ ಬರೀ ನಿವೃತ್ತರೇ ತುಂಬಿರುವ ನಮ್ಮ ಬಡಾವಣೆಗಳನ್ನು ನೆನೆದು ನಾನು ಗಂಭೀರಳಾದೆ. ಜನಸಂಖ್ಯಾ ಪಿರಮಿಡ್ಡನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ಇದು ಎಷ್ಟೋ ಪಾಲು ಪರಿಣಾಮಕಾರಿ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ, ಇಂದು ಮಾಡಿದ್ದರ ಫಲ ಇಪ್ಪತ್ತು ವರ್ಷಗಳ ಮೇಲೆ ಕಾಣುತ್ತದೆ ಎಂಬ ಪಾಠ ಇದು. ಇದನ್ನು ಕಲಿಸುವ ಆಟವನ್ನು ಕಾಲಹರಣವೆಂದು ನಾನು ಕರೆಯಲಾರೆ.

ಆಟಗಾರರ ಉತ್ಸಾಹದ ವಿಷಯಕ್ಕೆ ಬರೋಣ. ಎರಡನೆಯ ಭಾಗ ಬರುತ್ತದೆಂದು 2023ರ ಮಾರ್ಚಿನಲ್ಲಿ ಪ್ರಕಟವಾದಾಗಿನಿಂದ ಅವರು ದಿನ ಎಣಿಸಿದರು. ಊರು ಕಟ್ಟಲು ಸುಮಾರು 159 ಚದರ ಕಿಲೋಮೀಟರಿನಷ್ಟು ನೆಲ, ಋತುಮಾನಗಳು, ಮನೆ ಮತ್ತು ಅಂಗಡಿ ಒಂದೇ ಕಟ್ಟಡದಲ್ಲಿರುವ ವ್ಯವಸ್ಥೆ ಎಂದೆಲ್ಲ ಆಸೆ ಹುಟ್ಟಿಸಲಾಗಿತ್ತು. ಆಟ ಬಂದಾಗ ಒಳ್ಳೊಳ್ಳೆಯ ಕಂಪ್ಯೂಟರುಗಳೇ ಏದುಸಿರು ಬಿಟ್ಟವು. ತಾವು ಅಂದುಕೊಂಡ ಮಟ್ಟ ಮುಟ್ಟಿಲ್ಲವೆಂದು ಸಂಸ್ಥೆಯೇ ಮುಂಚಿತವಾಗಿ ತಿಳಿಸಿತ್ತು. ಆಟಗಾರರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಆಟವನ್ನು ಬಿಚ್ಚಿ ನೋಡಿ, ಕಣ್ಣಿಗೆ ಇರುವೆಯಷ್ಟು ಕಾಣುವ ಪ್ರತಿಯೊಬ್ಬ ನಾಗರಿಕನ ಬಾಯೊಳಗೂ ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿರುವುದನ್ನು ಪತ್ತೆ ಹಚ್ಚಿದರು. ಯಾರೂ ನೋಡದ ಹಲ್ಲಿಗಾಗಿ ಯಂತ್ರ ಬೆವರುತ್ತಿತ್ತು!

ಇಷ್ಟೇ ಅಲ್ಲ. ಊರನ್ನು ಎಷ್ಟೇ ಕೆಟ್ಟದಾಗಿ ನಡೆಸಿದರೂ ದಿವಾಳಿಯಾಗುವುದಿಲ್ಲವೇಕೆ ಎಂದು ಕೆದಕಿದಾಗ, ಸರ್ಕಾರದ ಸಹಾಯಧನವೊಂದು ತೆರೆಮರೆಯಲ್ಲಿ ಸುರಿಯುತ್ತಿರುವುದು ಗೊತ್ತಾಯಿತು. ಬಾಡಿಗೆ ದುಬಾರಿಯಾಯಿತೆಂದು ಊರಿನ ಜನ ಸದಾ ಗೋಳಿಡುತ್ತಿದ್ದುದೂ ಚರ್ಚೆಗೆ ಬಂತು. 2024ರ ಜೂನ್ ತಿಂಗಳ ತಿದ್ದುಪಡಿಯಲ್ಲಿ ಸಂಸ್ಥೆ ಆ ಸಹಾಯಧನವನ್ನು ತೆಗೆದುಹಾಕಿತು. ಬಾಡಿಗೆಯ ಸಮಸ್ಯೆಗೆ ಆಟದೊಳಗಿನ ಕಾಲ್ಪನಿಕ ಮನೆಮಾಲೀಕನನ್ನೇ ತೆಗೆದು, ಕಟ್ಟಡದ ನಿರ್ವಹಣೆಯ ವೆಚ್ಚವನ್ನು ಬಾಡಿಗೆದಾರರೇ ಸಮನಾಗಿ ಹಂಚಿಕೊಳ್ಳುವಂತೆ ಮಾಡಿತು. ಜಗತ್ತಿನ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಬಗೆಹರಿಸಲಾರದ ಸಮಸ್ಯೆಯನ್ನು ಆಟ ಒಂದೇ ಏಟಿಗೆ ಬಗೆಹರಿಸಿತೆಂದು ಆಟಗಾರರು ನಗೆಯಾಡಿದರು. ಅದೇ ವರ್ಷ ಹಣಕ್ಕೆ ಮಾರಿದ ಕಡಲತೀರದ ಕಟ್ಟಡಗಳ ಒಂದು ಸಂಪುಟ ಹಣಕ್ಕೆ ತಕ್ಕುದಲ್ಲವೆಂದು ಪ್ರತಿಭಟಿಸಿದಾಗ ಸಂಸ್ಥೆ ಕ್ಷಮೆ ಕೇಳಿ ಹಣ ಹಿಂದಿರುಗಿಸಬೇಕಾಯಿತು. ಮುಂದೆ 2025ರ ನವೆಂಬರಿನಲ್ಲಿ ಪ್ರಕಾಶಕರೂ ಈ ಸಂಸ್ಥೆಯೂ ಬೇರೆಯಾಗುವುದಾಗಿ ಪ್ರಕಟಿಸಿ, 2026ರ ಆರಂಭದಿಂದ ಆಟದ ಹೊಣೆಯನ್ನು ಐಸ್‌ಫ್ಲೇಕ್ ಎಂಬ ಇನ್ನೊಂದು ಸಂಸ್ಥೆಗೆ ವಹಿಸುವುದೆಂದು ತೀರ್ಮಾನಿಸಿದರು.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಬರೆದದ್ದಕ್ಕೆ ಕಾರಣವಿದೆ. ಒಂದು ಕಾಲ್ಪನಿಕ ಊರಿನ ಆಯವ್ಯಯದಲ್ಲಿ ಬಚ್ಚಿಟ್ಟ ಹಣ ಎಲ್ಲಿಂದ ಬರುತ್ತಿದೆಯೆಂದು ಈ ಹುಡುಗರು ಹುಡುಕಿ ತೆಗೆದರು. ತಿದ್ದುಪಡಿಯ ಟಿಪ್ಪಣಿಗಳನ್ನು ಸಾಲುಸಾಲಾಗಿ ಓದಿದರು. ತಪ್ಪನ್ನು ತಪ್ಪೆಂದರು, ಒಳ್ಳೆಯದನ್ನು ಒಳ್ಳೆಯದೆಂದರು. ಹಣ ವಾಪಸು ಪಡೆದರು. ನಮ್ಮಲ್ಲಿ ಎಷ್ಟು ಮಂದಿ ನಮ್ಮ ಪುರಸಭೆಯ ಅಥವಾ ನಗರಸಭೆಯ ವಾರ್ಷಿಕ ಆಯವ್ಯಯವನ್ನು ಒಮ್ಮೆಯಾದರೂ ತೆರೆದು ನೋಡಿದ್ದೇವೆ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕೆ ಮೀರಿದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಹೇಳುತ್ತದೆ. ಇದನ್ನು ನಾನು ಪಾಠ ಮಾಡಿದ್ದೇನೆ, ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ. ಆ ಸಮಿತಿಯ ಸಭೆಯೊಂದಕ್ಕೆ ಹೋದವರು ನಿಮ್ಮಲ್ಲಿ ಎಷ್ಟು ಜನ? ಆಟಗಾರರ ಈ ಉತ್ಸಾಹ ನಾಗರಿಕ ಪ್ರಜ್ಞೆಯೇ. ಅದು ಇನ್ನೂ ನಿಜವಾದ ಊರಿನ ಕಡೆ ತಿರುಗಿಲ್ಲ ಅಷ್ಟೆ.

ಈಗ ಮುಚ್ಚಿಟ್ಟ ಸಂಗತಿಗೆ ಬರುತ್ತೇನೆ. ಆಟವು ನಿಸರ್ಗ ನಿಯಮವೆಂಬಂತೆ ತೋರಿಸುವುದರಲ್ಲಿ ಬಹುಪಾಲು ಯಾರೋ ಒಬ್ಬರ ಅಭಿಪ್ರಾಯ. ಸಿಮ್‌ಸಿಟಿಯನ್ನು ರೂಪಿಸುವಾಗ ವಿಲ್ ರೈಟ್ ಅಭ್ಯಾಸ ಮಾಡಿದ ಗ್ರಂಥಗಳಲ್ಲೊಂದು ಎಂ.ಐ.ಟಿ.ಯ ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ 'ಅರ್ಬನ್ ಡೈನಮಿಕ್ಸ್'. ಫಾರೆಸ್ಟರ್ ಮೂಲತಃ ಎಂಜಿನಿಯರ್. ನಗರವನ್ನು ಸಮೀಕರಣಗಳಾಗಿ ಬರೆದು ಕಂಪ್ಯೂಟರಿನಲ್ಲಿ ಓಡಿಸಿ, ಬಡವರಿಗೆ ಅಗ್ಗದ ಮನೆಗಳನ್ನು ಕಟ್ಟಿಕೊಡುವುದರಿಂದ ನಗರ ಇನ್ನೂ ಹದಗೆಡುತ್ತದೆ, ಅವನ್ನು ಕೆಡವಿ ಉದ್ಯಮಗಳಿಗೆ ಜಾಗ ಮಾಡಿಕೊಡುವುದು ಲೇಸು ಎಂಬ ತೀರ್ಮಾನಕ್ಕೆ ಅವರು ಬಂದರು. ವಿಮರ್ಶಕರು ಇದನ್ನು ಕಟುವಾಗಿ ಟೀಕಿಸಿದರು. ಅವರ ಲೆಕ್ಕದಲ್ಲಿ ನಗರಕ್ಕೆ ಒಂದು ಗಡಿಯಿತ್ತು. ಆ ಗಡಿಯನ್ನು ದಾಟಿ ಹೋದವರು ಎಲ್ಲಿ ಹೋದರು, ಏನಾದರು ಎಂಬುದು ಲೆಕ್ಕದಿಂದಲೇ ಹೊರಗಿತ್ತು. ಗಡಿಯಾಚೆ ನೂಕಿಬಿಟ್ಟರೆ ಬಡತನ ನೀಗಿತೆಂದು ಗಣಿತ ಹೇಳೀತು. ಮನುಷ್ಯರು ಹಾಗೆ ಹೇಳಲು ಬರುವುದಿಲ್ಲ.

ಅಮೆರಿಕದ ವಿದ್ವಾಂಸೆ ಶೆರ್ರಿ ಟರ್ಕಲ್ 1995ರ ತಮ್ಮ ಗ್ರಂಥದಲ್ಲಿ, ಸಿಮ್‌ಸಿಟಿ ಆಡುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕುರಿತು ಬರೆದಿದ್ದಾರೆ. ತೆರಿಗೆ ಹೆಚ್ಚಿಸಿದರೆ ದಂಗೆಯೇಳುತ್ತದೆ ಎಂಬುದನ್ನು ಆಕೆ ಆಟದಿಂದ ಸೂತ್ರವಾಗಿ ಕಲಿತಿದ್ದಳು. ತೆರಿಗೆ ಹೆಚ್ಚಿದ್ದೂ ಶಾಂತವಾಗಿರುವ ದೇಶಗಳುಂಟು; ಫಿನ್‌ಲೆಂಡೇ ಅಂಥದು. ಆದರೆ ಆಟ ಬೇರೆ ನಿಯಮದಿಂದ ನಡೆದರೆ ಹೇಗಿರುತ್ತದೆ ಎಂಬ ಪ್ರಶ್ನೆ ಆ ಹುಡುಗಿಗೆ ಹೊಳೆದಿರಲಿಲ್ಲ. ಹತ್ತನೆಯ ತರಗತಿಯ ಮಕ್ಕಳೊಡನೆಯೇ ಆಯುಷ್ಯ ಕಳೆದ ನನಗೆ ಈ ಪ್ರಸಂಗ ಮನಸ್ಸಿನಲ್ಲಿ ನಾಟಿ ನಿಂತಿದೆ. ಪಠ್ಯಪುಸ್ತಕದ ಲೇಖಕರ ಹೆಸರು ಮೊದಲ ಪುಟದಲ್ಲಿರುತ್ತದೆ, ಬೇಕಾದರೆ ಜಗಳವಾಡಬಹುದು. ಆಟದ ನಿಯಮ ಬರೆದವರು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಸಣ್ಣ ಉದಾಹರಣೆ ಕೊಡುತ್ತೇನೆ. 2013ರ ಸಿಮ್‌ಸಿಟಿಯ ಮುಖ್ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡೆ ಅಮೆರಿಕದ ನಿಜವಾದ ಅಂಗಡಿಗಳ ಅಳತೆ ತೆಗೆದಾಗ, ಅಂಗಡಿಗಿಂತ ಅದರ ಮುಂದಿನ ವಾಹನ ನಿಲುಗಡೆಯ ಜಾಗವೇ ದೊಡ್ಡದಿರುವುದನ್ನು ಕಂಡರಂತೆ. ಅದನ್ನು ಇದ್ದಂತೆಯೇ ತೋರಿಸಿದರೆ ಊರೆಲ್ಲ ನಿಲುಗಡೆಯ ಬಯಲಾಗಿ ಆಟ ನೀರಸವಾಗುತ್ತದೆಂದು, ಅದನ್ನು ನೆಲದಡಿಯಲ್ಲಿದೆಯೆಂದು ಭಾವಿಸಿಕೊಂಡು ಬಿಟ್ಟುಬಿಟ್ಟರು. ಆಟ ಸುಂದರವಾಯಿತು. ಆದರೆ ಕಾರುಗಳು ಎಷ್ಟು ನೆಲವನ್ನು ನುಂಗುತ್ತವೆ ಎಂಬ ಸತ್ಯ ಮಾತ್ರ ಮಾಯವಾಯಿತು.

ನಿಯಮಗಳನ್ನು ಪ್ರಶ್ನಿಸದೆ ಕೊನೆಯವರೆಗೂ ಪಾಲಿಸಿದರೆ ಊರು ಹೇಗಾದೀತು ಎಂಬುದನ್ನು ಫಿಲಿಪ್ಪೀನ್ಸ್ ದೇಶದ ವಾಸ್ತುಶಿಲ್ಪ ವಿದ್ಯಾರ್ಥಿ ವಿನ್ಸೆಂಟ್ ಒಕಾಸ್ಲಾ ತೋರಿಸಿಕೊಟ್ಟರು. ಸಿಮ್‌ಸಿಟಿ 3000 ಎಂಬ ಆವೃತ್ತಿಯಲ್ಲಿ ವರ್ಷಗಟ್ಟಲೆ ಲೆಕ್ಕ ಹಾಕಿ, ಅರುವತ್ತು ಲಕ್ಷ ಜನರಿರುವ 'ಮ್ಯಾಗ್ನಸಾಂಟಿ' ಎಂಬ ನಗರವನ್ನು ಅವರು ಕಟ್ಟಿದರು. 2010ರಲ್ಲಿ ಅದು ಲೋಕಪ್ರಸಿದ್ಧವಾಯಿತು. ಒಂದಿಂಚೂ ವ್ಯರ್ಥವಾಗದ, ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಒತ್ತಿದಂಥ ನಗರವದು. ಎಲ್ಲಿ ನೋಡಿದರೂ ಪೊಲೀಸು, ಉಸಿರಾಡಲು ಕೊಳಕು ಗಾಳಿ. ಜನ ಐವತ್ತನ್ನು ಮುಟ್ಟುವ ಮೊದಲೇ ಸಾಯುತ್ತಿದ್ದರು. ಆಟದ ಅಂಕಿ ಅಂಶಗಳ ಪ್ರಕಾರ ಇದು ಅಪ್ರತಿಮ ಸಾಧನೆ. ಕಟ್ಟಿದವರು ಇದನ್ನು ಎಚ್ಚರಿಕೆಯೆಂದೇ ಕಟ್ಟಿದ್ದರು. ದಕ್ಷತೆಯನ್ನೇ ಪರಮಗುರಿಯಾಗಿಸಿಕೊಂಡರೆ ಊರು ಉಳಿಯುತ್ತದೆ, ಊರಿನವರು ಉಳಿಯುವುದಿಲ್ಲ.

ಆದರೆ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕುವುದು ಬುಲ್ಡೋಜರಿನ ಗುಂಡಿ. ಈ ಎಲ್ಲ ಆಟಗಳಲ್ಲಿಯೂ ಅದೊಂದಿದೆ. ರಸ್ತೆ ಅಗಲ ಮಾಡಬೇಕೆ? ಅಡ್ಡ ಬಂದ ಮನೆಗಳ ಮೇಲೆ ಒತ್ತಿದರಾಯಿತು. ಸಣ್ಣದೊಂದು ಶಬ್ದ, ಸ್ವಲ್ಪ ಧೂಳು, ಮುಗಿಯಿತು. ಅಲ್ಲಿದ್ದವರು ಬೇರೆ ಮನೆ ಹುಡುಕಿಕೊಳ್ಳುತ್ತಾರೆ, ಇಲ್ಲವೇ ನಕ್ಷೆಯಿಂದಲೇ ಹೊರಟುಹೋಗುತ್ತಾರೆ. ಯಾರೂ ಬಂದು ಬಾಗಿಲಲ್ಲಿ ನಿಂತು ಅಳುವುದಿಲ್ಲ.

ಇಪ್ಪತ್ತು ವರ್ಷಗಳಿಗೂ ಹಿಂದೆ, ತಾಲ್ಲೂಕು ಕೇಂದ್ರವೊಂದರಲ್ಲಿ ನನ್ನ ಅಕ್ಕನ ಮನೆ ರಸ್ತೆ ಅಗಲೀಕರಣಕ್ಕೆ ಸಿಕ್ಕಿತು. ಒಂದು ಬೆಳಿಗ್ಗೆ ಯಾರೋ ಬಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಹೋದರು. ಆ ಗೆರೆ ಜಗಲಿಯನ್ನೂ, ಭಾವ ಪುಸ್ತಕ ಪೆನ್ನು ಮಾರುತ್ತಿದ್ದ ಮುಂದಿನ ಕೋಣೆಯನ್ನೂ ದಾಟಿ ನಡುಮನೆಯ ಕಂಬದವರೆಗೆ ಬಂದಿತ್ತು. ಭಾವ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಪರಿಹಾರದ ಹಣ ಬಂದಾಗ ಅಂಗಡಿ ಮುಚ್ಚಿ ಬಹಳ ಕಾಲವಾಗಿತ್ತು. ಇನ್ನೊಂದು ಕಡೆ ಅಂಗಡಿ ತೆರೆಯುವ ಉತ್ಸಾಹ ಅವರಿಗೆ ಮತ್ತೆ ಬರಲಿಲ್ಲ. ರಸ್ತೆ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಇಂದು ಆ ರಸ್ತೆಯಲ್ಲಿ ಬಸ್ಸುಗಳು ಸರಾಗವಾಗಿ ಓಡಾಡುತ್ತವೆ, ಆಂಬುಲೆನ್ಸ್ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುತ್ತದೆ. ಆದರೆ ಆ ಕೆಂಪು ಗೆರೆಯನ್ನು ಎಳೆಯುವ ಮುನ್ನ ಯಾರಾದರೂ ಬಾಗಿಲು ತಟ್ಟಿ, 'ಅಮ್ಮಾ, ಹೀಗೊಂದು ಕೆಲಸವಿದೆ, ನಿಮ್ಮ ಅಭಿಪ್ರಾಯವೇನು' ಎಂದು ಕೇಳಿದ್ದರೆ ಅಕ್ಕನ ಕಣ್ಣೀರು ಅರ್ಧ ಕಡಿಮೆಯಾಗುತ್ತಿತ್ತು.

ಆಗ ಜಾರಿಯಲ್ಲಿದ್ದುದು 1894ರ ಬ್ರಿಟಿಷರ ಕಾಲದ ಭೂಸ್ವಾಧೀನ ಕಾಯ್ದೆ. ಆಕ್ಷೇಪಣೆ ಸಲ್ಲಿಸಲು ಅವಕಾಶವಿದ್ದರೂ, ನೆಲ ಹೋದವರ ಬದುಕು ಏನಾದೀತೆಂದು ಅಧ್ಯಯನ ಮಾಡುವ ಕಡ್ಡಾಯ ಅದರಲ್ಲಿರಲಿಲ್ಲ. ನೂರಿಪ್ಪತ್ತು ವರ್ಷಗಳ ಕಾಲ ಅದೇ ನಡೆದು, 2013ರ ಹೊಸ ಕಾಯ್ದೆ 2014ರ ಜನವರಿ 1ರಂದು ಜಾರಿಗೆ ಬಂದಾಗ ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು, ಪುನರ್ವಸತಿ ಎಂಬ ಮಾತುಗಳು ಕಾನೂನಿನೊಳಗೆ ಬಂದವು. ಅದು ಎಲ್ಲೆಡೆಯೂ ಸರಿಯಾಗಿ ಪಾಲನೆಯಾಗುತ್ತಿದೆಯೇ ಎಂಬುದು ಬೇರೆ ವಿಚಾರ. ಆದರೆ ಆ ಕಾನೂನು ಬರಲು ಎಷ್ಟೋ ಮಂದಿ ಬೀದಿಗಿಳಿಯಬೇಕಾಯಿತು, ಎಷ್ಟೋ ಮನೆಗಳು ಉರುಳಬೇಕಾಯಿತು. ಅಷ್ಟು ಕಷ್ಟದಿಂದ ಕಾನೂನಿನಲ್ಲಿ ಬರೆಸಿದ್ದನ್ನು ಆಟ ಒಂದು ಗುಂಡಿಯಲ್ಲಿ ಅಳಿಸಿಹಾಕುತ್ತದೆ.

ನಮ್ಮ ಜನಪದರಿಗೆ ಈ ಪ್ರಶ್ನೆ ಹೊಸದಲ್ಲ. 'ಕೆರೆಗೆ ಹಾರ' ಎಂಬ ಕಥನಗೀತೆಯನ್ನು ನೀವೆಲ್ಲ ಬಲ್ಲಿರಿ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ಹಿರಿಯರು ನಿಶ್ಚಯಿಸುತ್ತಾರೆ. ಊರಿಗೆ ಕೆರೆ ಬೇಕು ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಬೆಲೆ ತೆರಬೇಕಾದವಳನ್ನು ಯಾರೂ ಕೇಳಲಿಲ್ಲ. ನಮ್ಮ ಜನಪದ ಕವಿ ಕೆರೆಯ ಲೆಕ್ಕವನ್ನು ಬರೆಯದೆ ಭಾಗೀರಥಿಯ ಕಥೆಯನ್ನು ಹಾಡಿದರು. ಅದಕ್ಕೇ ಇಂದಿಗೂ ಅವಳ ಹೆಸರು ನಮಗೆ ಗೊತ್ತು.

'ಅದು ಬರೀ ಆಟ, ಟೀಚರ್. ಚದುರಂಗದಲ್ಲಿ ಕಾಲಾಳು ಸತ್ತರೆ ಅವನ ಹೆಂಡತಿಯ ಗತಿಯೇನೆಂದು ಕೇಳುತ್ತೇವೆಯೆ?' ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಚದುರಂಗವನ್ನು ನೋಡಿ ಯಾರೂ ನಿಜವಾದ ಯುದ್ಧ ಹೂಡುವುದಿಲ್ಲ. ಊರು ಕಟ್ಟುವ ಆಟದ ಕಥೆ ಹಾಗಲ್ಲ. ಸಿಮ್‌ಸಿಟಿ ಆಡುತ್ತ ಬೆಳೆದು ಮುಂದೆ ನಗರ ಯೋಜಕರಾದವರ ಬಗ್ಗೆ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ 2019ರಲ್ಲಿ ಬರೆದಿತ್ತು. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ 2016ರಲ್ಲಿ ತನ್ನ ಹೊಸ ಬಡಾವಣೆಯೊಂದರ ಯೋಜನೆಯನ್ನು ಸಿಟೀಸ್: ಸ್ಕೈಲೈನ್ಸ್ ಆಟದಲ್ಲಿ ಆಡಿ ನೋಡಿತು. ಇಂದು ಗುಂಡಿ ಒತ್ತುತ್ತಿರುವ ಬೆರಳು ನಾಳೆ ನಿಜವಾದ ನಕ್ಷೆಯ ಮೇಲೆ ಗೆರೆ ಎಳೆದೀತು. ನನ್ನ ವಿದ್ಯಾರ್ಥಿಗಳಲ್ಲಿಯೇ ಎಂಜಿನಿಯರುಗಳಿದ್ದೀರಿ, ಸರ್ಕಾರಿ ಅಧಿಕಾರಿಗಳಿದ್ದೀರಿ. ಈ ಮಾತು ನಿಮಗೂ ಸೇರಿದ್ದು.

ಆಟವೇ ಜನರನ್ನು ಕೇಳುವ ಸಾಧನವೂ ಆಗಬಹುದು ಎಂಬುದಕ್ಕೆ ಒಳ್ಳೆಯ ನಿದರ್ಶನವೊಂದಿದೆ. 'ಮೈನ್‌ಕ್ರಾಫ್ಟ್' ಎಂಬ ಆಟವನ್ನು ನಿಮ್ಮ ಮಕ್ಕಳು ಬಲ್ಲರು. ಅದನ್ನು ತಯಾರಿಸಿದ ಮೊಜಾಂಗ್ ಸಂಸ್ಥೆಯೂ ವಿಶ್ವಸಂಸ್ಥೆಯ ಯುಎನ್ ಹ್ಯಾಬಿಟಾಟ್ ವಿಭಾಗವೂ ಸೇರಿ 2012ರಲ್ಲಿ 'ಬ್ಲಾಕ್ ಬೈ ಬ್ಲಾಕ್' ಎಂಬ ಕಾರ್ಯಕ್ರಮವನ್ನು ಆರಂಭಿಸಿದವು. ನೇಪಾಳದ ಕೀರ್ತಿಪುರ, ಕೀನ್ಯಾದ ನೈರೋಬಿಯ ಕಿಬೇರಾ ಮೊದಲಾದ ಕಡೆಗಳಲ್ಲಿ ಅಲ್ಲಿಯ ನಿವಾಸಿಗಳೇ ಕುಳಿತು, ತಮ್ಮ ಸಾರ್ವಜನಿಕ ಸ್ಥಳ ಹೇಗಿರಬೇಕೆಂದು ಆಟದಲ್ಲಿ ಕಟ್ಟಿ ತೋರಿಸಿದರು. ಗುಂಡಿ ಅದೇ, ಪರದೆ ಅದೇ. ಆದರೆ ಅಲ್ಲಿ ಮನೆಯಿರುವವರೇ ಗುಂಡಿ ಒತ್ತಿದರು. ವ್ಯತ್ಯಾಸವಿರುವುದು ಅಲ್ಲಿಯೇ.

ಆದ್ದರಿಂದ ತಂದೆತಾಯಿಯರಾದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ವಾರಕ್ಕೊಮ್ಮೆಯಾದರೂ ಮಗುವಿನ ಪಕ್ಕದಲ್ಲಿ ಕುಳಿತು ಅದು ಕಟ್ಟಿದ ಊರನ್ನು ನೋಡಿ, ಮನಸಾರೆ ಮೆಚ್ಚಿಕೊಳ್ಳಿ. ಆಮೇಲೆ ಮೂರು ಪ್ರಶ್ನೆ ಕೇಳಿ. ಮೊದಲನೆಯದು: ಈ ನಿಯಮವನ್ನು ಬರೆದವರು ಯಾರು, ಅದು ಎಲ್ಲ ಕಡೆಯೂ ಹೀಗೆಯೇ ಇರುತ್ತದೆಯೆ? ಎರಡನೆಯದು: ನಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ, ನಮ್ಮ ಕಸ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನಲ್ಲಿರುವವರಿಗೆ ಇದು ದೊಡ್ಡ ಪಾಠವೇ ಆದೀತು. ಆಟದಲ್ಲಿ ನದಿಯ ದಡದಲ್ಲಿ ಪಂಪು ಇಟ್ಟರೆ ಸಾಕು; ನಿಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರಬೇಕು. ಮೂರನೆಯದು: ನೀನು ಈಗ ಕೆಡವಿದ ಆ ಮನೆಯಲ್ಲಿ ಯಾರಿದ್ದರು? ಕೆಡವುವ ಮುನ್ನ ಆ ಮನೆಯವರಿಗೊಂದು ಹೆಸರಿಟ್ಟು, ಅವರು ಎಲ್ಲಿಗೆ ಹೋಗುತ್ತಾರೆಂದು ಒಂದು ಸಾಲು ಬರೆದಿಡಲು ಹೇಳಿ. ನನ್ನ ಮೊಮ್ಮಗ ಈ ನಿಯಮವನ್ನು ಒಪ್ಪಿಕೊಂಡ ಮೇಲೆ ಅವನ ರಸ್ತೆಗಳು ಅಲ್ಲಲ್ಲಿ ಬಾಗತೊಡಗಿವೆ. 'ಅಜ್ಜಿ, ನಿಮ್ಮಿಂದಾಗಿ ನನ್ನ ಊರಲ್ಲಿ ಟ್ರಾಫಿಕ್ ಜಾಮ್' ಎಂದು ದೂರುತ್ತಾನೆ. ದೂರಲಿ. ಬಾಗಿದ ರಸ್ತೆಗೂ ಒಂದು ಕಾರಣವಿರುತ್ತದೆ ಎಂಬುದು ಅವನಿಗೆ ತಿಳಿದಿದೆ.

ರಜೆಯಲ್ಲಿ ಸಾಧ್ಯವಾದರೆ ಮಕ್ಕಳನ್ನು ಒಂದು ದಿನ ನಿಮ್ಮ ಊರಿನ ನೀರು ಶುದ್ಧೀಕರಣ ಘಟಕಕ್ಕೋ, ವಾರ್ಡ್ ಸಭೆಗೋ, ಗ್ರಾಮಸಭೆಗೋ ಕರೆದುಕೊಂಡು ಹೋಗಿ. ಅಲ್ಲಿ ಜನ ಕೂಗಾಡುತ್ತಾರೆ, ಸಭೆ ತಡವಾಗಿ ಶುರುವಾಗುತ್ತದೆ, ಅರ್ಧ ಸಮಯ ಬೀದಿದೀಪದ ಚರ್ಚೆಯಲ್ಲೇ ಕಳೆದುಹೋಗುತ್ತದೆ. ಮಗುವಿಗೆ ಬೇಸರವಾದೀತು. ಆದರೆ ಊರು ಕಟ್ಟುವ ನಿಜವಾದ ಕೆಲಸ ನಡೆಯುವುದು ಆ ಬೇಸರದ ನಡುವೆಯೇ ಎಂಬುದು ಅದಕ್ಕೆ ಗೊತ್ತಾಗಲಿ. ಆಟದಲ್ಲಿ ಮೇಯರ್ ಒಬ್ಬನೇ. ನಿಜವಾದ ಊರಿನಲ್ಲಿ ಊರಿನವರೂ ಇರುತ್ತಾರೆ.

ನಿಮ್ಮ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಊರುಗಳ ಬಗ್ಗೆ, ಅವರು ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳ ಬಗ್ಗೆ ನನಗೆ ಬರೆಯಿರಿ. ಅಂಕ ಕೊಡುವುದಿಲ್ಲ, ಹೆದರಬೇಡಿ.